ಪಾಲಿಸಿ ಅಕ್ಕನ ಮಟ್ಟದ ಪೈಪು

ಹೆಗಲಿಗೆ ಹೂಮಾಲೆಯಂತೆ ಸುತ್ತಿಕೊಂಡ ಪ್ಲಾಸ್ಟಿಕ್ ಪೈಪು, ಅದರೊಳಗೆ ಅತ್ತಿತ್ತ ಓಡಾಡುವ ನೀರು. ಪಾಲಿಸಿ ಅಕ್ಕನನ್ನು ನೆನೆದರೆ ನನಗೆ ಮೊದಲು ಕಾಣುವುದು ಇದೇ. ಅವರ ಮೊಪೆಡ್ ಗುಂಡಿಗೆ ಬಿದ್ದೆದ್ದಾಗಲೆಲ್ಲ ಪೈಪಿನೊಳಗಿನ ಗುಳ್ಳೆಗಳು ಕತ್ತಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದವು.

ರಾಮನಗರದಲ್ಲಿ ವಿಮೆ ಮಾಡಿಸುವ ಏಜೆಂಟರಿಗೇನೂ ಬರವಿರಲಿಲ್ಲ. ಎಲ್ಲರೂ ಚರ್ಮದ ಬ್ಯಾಗು ಹಿಡಿದು ಬರುತ್ತಿದ್ದರು. ಪೈಪು ಹೊತ್ತು ಬರುತ್ತಿದ್ದವರು ಇವರೊಬ್ಬರೇ. ಅವರ ಗಂಡ ಗಾರೆ ಮೇಸ್ತ್ರಿ. ಗೋಡೆಯ ಎರಡು ತುದಿ ಒಂದೇ ಎತ್ತರಕ್ಕಿದೆಯೇ ಎಂದು ನೋಡಲು ಮೇಸ್ತ್ರಿಗಳು ಇಂಥ ಪೈಪಿಗೆ ನೀರು ತುಂಬಿ ಹಿಡಿಯುತ್ತಾರೆ. ಎಷ್ಟು ದೂರ ಎಳೆದರೂ ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗಂಡನ ಹಳೆಯ ಪೈಪನ್ನು ಅಕ್ಕ ತಮ್ಮ ಕಸುಬಿಗೆ ಹಾಕಿಕೊಂಡಿದ್ದರು.

ನನ್ನದು ಹಳೇ ಬಾಗಿಲು, ಕಿಟಕಿಯ ವ್ಯಾಪಾರ. ತೊಟ್ಟಿಮನೆ ಕೆಡವುವವರ ಹತ್ತಿರ ಕೊಂಡು ಹೊಸ ಮನೆ ಕಟ್ಟುವವರಿಗೆ ಮಾರುವುದು. ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದ ಕಾಲ ಅದು. ನಮ್ಮೂರಿನ ಗದ್ದೆ, ತೋಪುಗಳೆಲ್ಲ ಸೈಟುಗಳಾದವು. ನಾನೂ ಅರ್ಕಾವತಿಯ ದಂಡೆಯ ಮೇಲೆ ಒಂದು ಸೈಟು ಹಿಡಿದೆ. ಚೌಕಾಸಿ ಮಾಡದೆಯೇ ಅಗ್ಗಕ್ಕೆ ಸಿಕ್ಕಿತ್ತು. ಸೈಟು ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಕೇಳುವ ಮೊದಲೇ ಬೆಲೆ ಇಳಿಸಿದರೆ, ಕೊಡುವವನ ಮುಖ ನೋಡಬೇಡಿ, ಸುತ್ತಲ ನೆಲ ನೋಡಿ.

ಪಾಯ ತೆಗೆಸುತ್ತಿದ್ದ ದಿನ ಅಕ್ಕ ಮೊಪೆಡ್ ನಿಲ್ಲಿಸಿದರು. ಅಲ್ಲಿಯವರೆಗೆ ನನಗೆ ಅವರ ಪರಿಚಯವಿರಲಿಲ್ಲ.

"ಏನಪ್ಪಾ ತಮ್ಮ, ಮನೆ ಕಟ್ತಾ ಇದ್ದೀಯೋ, ದೋಣಿ ಕಟ್ತಾ ಇದ್ದೀಯೋ?"

"ಹೊಳೇಲಿ ಕಾಗೆ ಕೊಕ್ಕು ನೆನೆಯೋಷ್ಟು ನೀರಿಲ್ಲ, ನೊರೆ ಮಾತ್ರ ಐತೆ. ನೀವ್ಯಾವ ದೋಣಿ ಮಾತಾಡ್ತೀರಕ್ಕ?"

"ನೊರೆ ಹಂಗೇ ಇರ್ಲಿ. ಒಸಿ ಈ ತುದಿ ಹಿಡ್ಕೊ ಬಾ."

ದಂಡೆಯ ಮೇಲೆ ಗಂಗಮ್ಮನ ಒಂದು ಚಿಕ್ಕ ಗುಡಿಯಿದೆ. ಹಿಂದೆ ಯಾವಾಗಲೋ ಬಂದ ದೊಡ್ಡ ನೆರೆ ಎಲ್ಲಿಯವರೆಗೆ ಏರಿತ್ತೆಂದು ತೋರಿಸಲು ಹಿರಿಯರು ಅದರ ಕಂಬದ ಮೇಲೆ ಗೆರೆ ಕೊರೆಸಿದ್ದಾರೆ. ಗೌರಿ ಹಬ್ಬದ ದಿನ ಗಂಗೆ ತರಲು ಹೋದ ಹೆಂಗಸರು ಆ ಗೆರೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಹೊಳೆ ಕೆಟ್ಟ ಮೇಲೆ ಗಂಗೆಯನ್ನು ನಲ್ಲಿಯಿಂದ ತಂದರೂ ಗೆರೆಗೆ ಕುಂಕುಮ ತಪ್ಪಿಸಿರಲಿಲ್ಲ. ನಾನೂ ಅದನ್ನು ದೇವರ ಗುರುತೆಂದೇ ತಿಳಿದಿದ್ದೆ.

ಅಕ್ಕ ಪೈಪಿನ ಒಂದು ತುದಿಯನ್ನು ಆ ಗೆರೆಗೆ ಹಿಡಿದರು. ಇನ್ನೊಂದು ತುದಿ ನನ್ನ ಕೈಲಿ. ಗುಡಿಯಿಂದ ಲೈಟು ಕಂಬಕ್ಕೆ, ಆ ಕಂಬದಿಂದ ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ನನ್ನ ಸೈಟಿಗೆ ಬಂದೆವು. ಕೊನೆಯಲ್ಲಿ ಪೈಪಿನ ನೀರು ನಿಂತದ್ದು ನನ್ನ ಸೊಂಟದ ಹತ್ತಿರ.

"ಅಂಥಾ ನೆರೆ ಇನ್ನೊಂದ್ಸಲ ಬಂದ್ರೆ ನಿನ್ ಉಡದಾರದ ಗಂಟ ನೀರು. ಪಾಯ ಇದ್ಕಿಂತ ಮೇಲಕ್ ಎತ್ತು, ಆಮೇಲೆ ಬಂದು ಪಾಲಿಸಿ ಮಾಡ್ಕೊಡ್ತೀನಿ," ಎಂದು ಪೈಪು ಸುತ್ತಿಕೊಂಡು ಹೊರಟೇಬಿಟ್ಟರು.

ಅಷ್ಟು ಎತ್ತರಕ್ಕೆ ಕಲ್ಲು, ಮಣ್ಣು ತುಂಬಿಸುವುದೆಂದರೆ ಸುಮ್ಮನೆಯೇ? ನಾನು ಹುಟ್ಟಾ ಚೌಕಾಸಿಗಾರ. ಅವರು ಸೊಂಟ ಎಂದರು, ನಾನು ಮೊಣಕಾಲಿಗೆ ಮುಗಿಸಿದೆ. ಅಕ್ಕನ ಜೊತೆಗಲ್ಲ, ಹೊಳೆಯ ಜೊತೆಗೇ ವ್ಯಾಪಾರ ಕುದುರಿಸಿದ ಹಾಗಾಯಿತು.

ಗೃಹಪ್ರವೇಶದ ಊಟಕ್ಕೆ ಬಂದ ಅಕ್ಕ ಎಲೆ ಮುಂದೆ ಕೂರುವ ಮೊದಲು ಜಗಲಿಯ ಎತ್ತರ ನೋಡಿದರು, ಪಾಯಸದ ಲೋಟ ಕೈಲಿ ಹಿಡಿದೇ ಜೋರಾಗಿ ನಕ್ಕರು. ಅವರು ನಕ್ಕರೆ ಪಕ್ಕದ ಬೀದಿಗೂ ಕೇಳಿಸುತ್ತಿತ್ತು.

"ಅರ್ಧಕ್ಕೇ ಹೊಳೆ ಒಪ್ಕೊಂಡ್ತಾ?"

ಆದರೂ ಅರ್ಜಿ ಬಿಚ್ಚಿದರು. ಮನೆಗೂ ಸಾಮಾನಿಗೂ ಬೆಂಕಿ, ಸಿಡಿಲು, ನೆರೆ ಎಲ್ಲ ಸೇರಿದ ಪಾಲಿಸಿ ಅದು. ನೆರೆಯ ಭಾಗ ಬೇಡವೆಂದರೆ ಕಂತು ಒಂದಿಷ್ಟು ಇಳಿಯುತ್ತಿತ್ತು. ನಾನು ಅಲ್ಲಿಯೂ ಬಿಡಲಿಲ್ಲ. "ಹೆಂಗಿದ್ರೂ ಪಾಯ ಎತ್ತಿಸಿದೀನಲ್ಲ, ನೆರೆ ತೆಗೆದುಬುಡಿ," ಎಂದೆ.

"ನೀನು ಮಾರೋ ಬಾಗ್ಲಿಗೆ ಚಿಲ್ಕ ತೆಗೆದು ಒಸಿ ಕಮ್ಮಿಗೆ ಕೊಡು ಅಂದ್ರೆ ಕೊಡ್ತೀಯಾ?" ಎಂದರು ಅಕ್ಕ.

"ತಗೊಳ್ಳೋರಿದ್ರೆ ಕೊಡ್ತೀನಿ."

"ಅಂಥಾ ಬಾಗ್ಲು ಹಾಕ್ಕೊಂಡು ನೀನ್ ಮಲಗ್ತೀಯಾ?"

ಅಷ್ಟರಲ್ಲಿ ಸೌಟು ಹಿಡಿದು ಬಂದ ನನ್ನ ಹೆಂಡತಿ, "ನೆರೆನೂ ಸೇರ್ಸಿ ಬರ್ಕೊಳಿ ಅಕ್ಕ. ಇವ್ರ ಮಾತು ಕೇಳ್ತಾ ಕೂತ್ರೆ ಸಾರು ಆರೋಯ್ತದೆ," ಎಂದಳು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಕೆಲವು ವರ್ಷ ಏನೂ ಆಗಲಿಲ್ಲ. ಪ್ರತಿ ಸಲ ಕಂತು ಕಟ್ಟುವಾಗಲೂ ನಾನು ಗೊಣಗುತ್ತಿದ್ದೆ, ಅಕ್ಕ ಕಾಫಿ ಕುಡಿದು, "ಹೊಳೆ ಬರ್ಲಿಲ್ಲ ಅಂತ ಬೇಜಾರಾ?" ಎಂದು ಕಾಲೆಳೆದು ಹೋಗುತ್ತಿದ್ದರು.

ಆಮೇಲೊಂದು ವರ್ಷ, ಗೌರಿ ಹಬ್ಬದ ಹಿಂದಿನ ದಿನ. ಮೇಲೆ ಮಾಗಡಿ ಕಡೆ ಎಡೆಬಿಡದೆ ಸುರಿದಿತ್ತು. ನೊರೆ ಹೊಳೆ ನೋಡುನೋಡುತ್ತ ಕೆಂಪು ನೀರಾಯಿತು. ಗುಡಿಯ ಮೆಟ್ಟಿಲು ಮುಳುಗಿತು, ಸಂಜೆಯ ಹೊತ್ತಿಗೆ ನಮ್ಮ ಬೀದಿಗೂ ಬಂತು. ನಾವು ಅಕ್ಕಿ ಮೂಟೆ, ಬಟ್ಟೆ, ಗೌರಮ್ಮನ ಸಾಮಾನು ಎಲ್ಲ ಅಟ್ಟಕ್ಕೇರಿಸಿ ಎದುರಿನ ಮಾಳಿಗೆ ಮನೆಯವರಲ್ಲಿ ಕೂತೆವು. ಬೆಳಗಾಗುವಷ್ಟರಲ್ಲಿ ನೀರು ಇಳಿದಿತ್ತು. ನಮ್ಮ ಮನೆಯೊಳಗೆ ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ಬಂದು ಹೋಗಿತ್ತು. ಗಂಗಮ್ಮನ ಕಂಬದ ಗೆರೆಗಿಂತ ನಾಲ್ಕೇ ಬೆರಳು ಕಡಿಮೆ. ಮಂಚ, ಬೀರು, ಹೊಸ ಫ್ರಿಜ್ಜು ಎಲ್ಲ ಕೆಸರಿನಲ್ಲಿ. ಜೀವಮಾನದ ದುಡಿಮೆಯ ಮನೆ.

ಹೆಂಡತಿ ಪೊರಕೆ, ಬಿಂದಿಗೆ ಹಿಡಿದು ನಿಂತಿದ್ದಳು. ಆಗ ಸೀರೆ ಎತ್ತಿ ಕಟ್ಟಿಕೊಂಡು, ಕತ್ತಿಗೆ ಪೈಪು ಸುತ್ತಿಕೊಂಡು ಅಕ್ಕ ಕೆಸರು ತುಳಿಯುತ್ತ ಬಂದರು.

"ಒಂದ್ ಚೊಂಬು ನೀರೂ ಹುಯ್ಯಂಗಿಲ್ಲ! ಕಂಪನಿ ಸರ್ವೇಯರು ಬಂದ್ ನೋಡೋಗಂಟ ಎಲ್ಲಾ ಇದ್ದಂಗೇ ಇರ್ಬೇಕು."

"ಅಯ್ಯೋ ಅಕ್ಕಾ, ಇವತ್ತು ಗೌರಿ ಹಬ್ಬ! ಸಾರಿಸ್ದೆ, ಗುಡಿಸ್ದೆ ಗೌರಮ್ಮನ್ನ ಎಲ್ಲಿ ಕೂರಿಸ್ಲಿ?"

"ಅಟ್ಟದ ಮೇಲೆ ಕೂರ್ಸು. ನೀರ್ ಬಂದಾಗ ನೀನೂ ಅಲ್ಲಿಗೇ ತಾನೇ ಎಲ್ಲಾ ಏರಿಸ್ದೆ?"

ಆ ವರ್ಷ ನಮ್ಮ ಗೌರಮ್ಮ ಅಕ್ಕಿ ಮೂಟೆಗಳ ನಡುವೆ ಕೂತಳು. ಬಾಗಿನ ಕೊಡಲು ಬಂದ ಹೆಂಗಸರೆಲ್ಲ ಏಣಿ ಹತ್ತಿದರು. ಕೆಳಗಿನಿಂದ ಅಕ್ಕ, "ಒಬ್ಬೊಬ್ರೇ ಹತ್ರವ್ವ, ಏಣಿಗೆ ಪಾಲಿಸಿ ಇಲ್ಲ!" ಎಂದು ಕೂಗಿದರೆ ಮೇಲಿನವರು ನಕ್ಕು ನಕ್ಕು ಕುಂಕುಮ ಚೆಲ್ಲಿಕೊಂಡರು. ನಮ್ಮ ಮನೆಯಲ್ಲಿ ಅಂಥ ಗೌರಿ ಹಬ್ಬ ಮತ್ತೆ ಆಗಲಿಲ್ಲ.

ಮರುದಿನ ಸರ್ವೇಯರು ಬಂದರು. ಅಟ್ಟದಿಂದ ಇಳಿಸಿಕೊಟ್ಟ ಕಡುಬು ತಿನ್ನುತ್ತಲೇ ಮನೆಯೆಲ್ಲ ನೋಡಿದರು. ನಾನು ಹಾಳಾದ ಸಾಮಾನುಗಳನ್ನು ತೋರಿಸುತ್ತ, ಮಾರಲೆಂದು ತಂದು ಸಜ್ಜೆಯ ಮೇಲೆ ಇಟ್ಟಿದ್ದ ತೇಗದ ಬಾಗಿಲನ್ನೂ ಮೆಲ್ಲಗೆ ತೋರಿಸಿದೆ. ಅಕ್ಕ ನನ್ನ ತೋಳು ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ಆ ಬಾಗ್ಲು ನೀರೇ ಕುಡ್ದಿಲ್ಲ ಕಣಪ್ಪ. ಒಣಗಿದ ಬಾಯಲ್ಲಿ ಅದ್ರ ಕೈಲಿ ಯಾಕೆ ಸುಳ್ಳು ಹೇಳಿಸ್ತೀಯ?"

ಸರ್ವೇಯರು ಕಡುಬು ಗಂಟಲಿಗೆ ಸಿಕ್ಕುವಂತೆ ನಕ್ಕರು. ಆಮೇಲೆ ನಾವು ಹೇಳಿದ ಉಳಿದದ್ದಕ್ಕೆಲ್ಲ ತಕರಾರಿಲ್ಲದೆ ತಲೆಯಾಡಿಸಿದರು. ಚೌಕಾಸಿಯಲ್ಲಿ ಎಲ್ಲಿ ಬಿಗಿಯಬೇಕೆಂದು ನನಗೆ ಗೊತ್ತಿತ್ತು, ಎಲ್ಲಿ ಬಿಡಬೇಕೆಂದು ಕಲಿತದ್ದು ಅವತ್ತು.

ಪರಿಹಾರ ಬಂತು. ಮನೆ ಉಳಿಯಿತು. ಈ ಸಲ ಒಳಗಿನ ನೆಲವನ್ನು ಗೆರೆಯ ಮಟ್ಟಕ್ಕಿಂತ ಮೇಲೆಯೇ ತುಂಬಿಸಿದೆ, ಚೌಕಾಸಿ ಮಾಡಲಿಲ್ಲ. ನೆಲ ಏರಿತು, ತಾರಸಿ ಅಲ್ಲೇ ಉಳಿಯಿತು. ಈಗಿನ ಎತ್ತರದ ಬಾಗಿಲುಗಳು ಹೊಂದದೆ, ತಲೆ ಬಗ್ಗಿಸಿ ಬರುವ ಹಳೇ ತೊಟ್ಟಿಮನೆ ಬಾಗಿಲುಗಳನ್ನು ಅಂಗಡಿಯಿಂದ ತಂದು ಕೂರಿಸಿದೆ. "ಎಲ್ರೂ ನನ್ ಪೈಪಿಗೆ ನಮಸ್ಕಾರ ಮಾಡ್ಕೊಂಡೇ ಒಳಕ್ ಬತ್ತಾರೆ," ಎಂದು ಅಕ್ಕನಿಗೆ ಬಹಳ ಸಂತೋಷ. ಎತ್ತರದ ನೆಂಟರು ಬಂದಾಗ ನೋಡಲೆಂದೇ ಅವರು ಬಂದು ಕೂರುತ್ತಿದ್ದರು.

ಅಕ್ಕ ತೀರಿಕೊಂಡದ್ದು ಹೋದ ವರ್ಷ, ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ. ಹಬ್ಬದ ದಿನ ನನ್ನ ಹೆಂಡತಿ ಕಂಬದ ಗೆರೆಗೆ ಕುಂಕುಮ ಹಚ್ಚಿ, ಪಕ್ಕದಲ್ಲೇ ಅಕ್ಕನ ಹೆಸರಿಗೆ ಇನ್ನೊಂದು ಬೊಟ್ಟಿಟ್ಟಳು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನ ಗಂಡ ಮೇಸ್ತ್ರಿ ನನ್ನ ಅಂಗಡಿಗೆ ಬಂದು ಪೈಪಿನ ಸುರುಳಿಯನ್ನು ಮೇಜಿನ ಮೇಲಿಟ್ಟರು. "ನಿಂಗೇ ಕೊಡು ಅಂದಿದ್ಲು. ಚೌಕಾಸಿಗಾರ ಹೇಳಿದ್ರೆ ಜನ ನಂಬ್ತಾರೆ ಅಂತಿದ್ಲು," ಎಂದರು.

ಮೊನ್ನೆ ಹೊಸದಾಗಿ ಮದುವೆಯಾದ ಜೋಡಿಯೊಂದು ಅಂಗಡಿಗೆ ಬಂತು. ಹೊಳೆ ದಂಡೆಯಲ್ಲಿ ಸೈಟು ತೆಗೆದುಕೊಂಡಿದ್ದಾರಂತೆ, ಅಗ್ಗಕ್ಕೆ ಸಿಕ್ಕಿತಂತೆ. ಇಷ್ಟು ದಿನ ಮಾರದೆ ಈಗ ಅಂಗಡಿಯಲ್ಲಿದ್ದ ಆ ತೇಗದ ಬಾಗಿಲು ಹುಡುಗಿಗೆ ಹಿಡಿಸಿಬಿಟ್ಟಿತು. ಹುಡುಗ ಗತ್ತಿನಿಂದ, "ಕೊನೇ ರೇಟು ಹೇಳಿ ಅಣ್ಣ," ಎಂದ.

ನಾನು ಗೋಡೆಯ ಮೇಲಿನ ಪೈಪು ಇಳಿಸಿ ಹೆಗಲಿಗೆ ಹಾಕಿಕೊಂಡೆ.

"ಬಾಗ್ಲು ಎಲ್ಲಿಗೂ ಓಡೋಗಲ್ಲ. ಗಂಗಮ್ಮನ ಗುಡಿ ತಾವ ಹೋಗಾಣ ನಡೀರಪ್ಪ, ಒಸಿ ಒಂದು ತುದಿ ಹಿಡ್ಕೊಬೇಕು."