ಮೀನಿಗೆ ರೆಪ್ಪೆಯಿಲ್ಲ ಎಂದು ಬಲ್ಲ ಲೈಟಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರಲ್ಲಿ, ಮೀನಿನ ತೊಟ್ಟಿಯ ಮುಂದೆ ಹೆಂಗಸೊಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪಕ್ಕದಲ್ಲಿ ಲೈಟುಗಳ ಚೀಲ. ಯಾರೂ ಸ್ವಿಚ್ ಮುಟ್ಟಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದಾಗಿದೆ. ಮನೆಯ ಅಕ್ವೇರಿಯಂಗೆ ಒಪ್ಪುವ ದೀಪ ಹುಡುಕಿ ಕೂರಿಸುವುದು ಇವರ ಕಸುಬು. ಗಿರಾಕಿಗಳ ಬಾಯಲ್ಲಿ ಇವರು ಲೈಟಮ್ಮ.

"ಕಿಟಕಿ ಎಷ್ಟು ಬೆಳಕು ಕೊಡುತ್ತೆ ಅಂತ ಮೊದಲು ನೋಡ್ಬೇಕು. ಸೂರ್ಯ ಪುಕ್ಕಟೆ ಕೊಡೋದನ್ನ ಮರೆತು ಲೈಟು ಕೊಂಡ್ರೆ ಪಾಚಿಗೆ ಔತಣ."

ಈ ಮನೆಯಲ್ಲಿ ಔತಣ ಜೋರಾಗಿಯೇ ನಡೆದಿದೆ. ಗಾಜೆಲ್ಲ ಹಸಿರು, ಮೀನನ್ನು ಹುಡುಕಿ ನೋಡಬೇಕು. ಉಜ್ಜಿ ಉಜ್ಜಿ ಸಾಕಾದ ಸೊಸೆ, ಈ ತಿಂಗಳೊಳಗೆ ತೊಟ್ಟಿ ಶುಭ್ರವಾಗದಿದ್ದರೆ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಅಂದಿನಿಂದ ಅವರ ಅತ್ತೆ, ಅಂದರೆ ಮನೆಯ ಅಜ್ಜಿಗೆ, ಊಟ ಸೇರುತ್ತಿಲ್ಲ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಅವರಿಗೆ ಹಗಲೆಲ್ಲ ಮಾತಿಗೆ ಸಿಗುವುದು ಆ ಕಿತ್ತಳೆ ಬಾಲದ ಮೀನುಗಳೇ.

ಲೈಟಮ್ಮ ಮೊದಲು ಫೋಟೋ ಸ್ಟುಡಿಯೋದಲ್ಲಿ ದೀಪ ಹಿಡಿಯುತ್ತಿದ್ದವರು. ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋಗೆ ಬೀಗ ಬಿದ್ದಾಗ ಪಕ್ಕದ ಮೀನಿನ ಅಂಗಡಿಯವರು ಕೆಲಸ ಕೊಟ್ಟರು. ಈಗ ದಿನಕ್ಕೆ ಮೂರ್ನಾಲ್ಕು ಮನೆ. ಹೆಗಲಿಗೆ ಚೀಲ, ಲಿಫ್ಟ್ ಇಲ್ಲದ ಮಹಡಿಗಳು, ಸಂಜೆಗೆ ಸೊಂಟ ನೋವು. "ಆದ್ರೂ ಮನುಷ್ಯರಿಗಿಂತ ಮೀನು ವಾಸಿ. ಫೋಟೋದಲ್ಲಿ ನನ್ನ ದಪ್ಪ ತೋರಿಸ್ಬಿಟ್ರಿ ಅಂತ ಜಗಳಕ್ಕೆ ಬರಲ್ಲ" ಎಂದು ನಗುತ್ತಾರೆ.

ಅಷ್ಟರಲ್ಲಿ ಬಿಸಿಲು ಬರುತ್ತದೆ, ಆದರೆ ತೊಟ್ಟಿಯ ಮೇಲಲ್ಲ, ಸೋಫಾದ ಮೇಲೆ. ಕಿಟಕಿಯದೇನೂ ತಪ್ಪಿಲ್ಲ. ಹಾಗಾದರೆ ಲೈಟಿನದೇ. ಅಜ್ಜಿಯ ಮಗ ತಂದಿರುವುದು ದಟ್ಟವಾಗಿ ಗಿಡ ಬೆಳೆಸುವ ತೊಟ್ಟಿಯ ಪ್ರಖರ ಲೈಟು. ಇಲ್ಲಿರುವುದು ಕೊರಡಿಗೆ ಅಂಟಿಕೊಂಡು ನಿಧಾನಕ್ಕೆ ಬೆಳೆಯುವ ಎರಡು ಸೋಮಾರಿ ಗಿಡ.

"ಇಬ್ಬರಿಗೆ ಮದುವೆ ಅಡುಗೆ ಮಾಡಿಟ್ಟಂಗಾಯ್ತು. ಮಿಕ್ಕಿದ್ದನ್ನ ಪಾಚಿ ತಿನ್ನುತ್ತೆ. ದಿನಾ ಎಷ್ಟು ಹೊತ್ತು ಹಾಕ್ತೀರಿ?"

"ಸಂಜೆ ಒಂದಿಷ್ಟು ಹೊತ್ತು, ಅಷ್ಟೇ" ಎನ್ನುತ್ತಾರೆ ಮಗ.

"ಮತ್ತೆ, ಬೆಳಗಿನ ಜಾವ ನಾನು ಬಂದಾಗ ಲೈಟು ಇನ್ನೂ ಬಿಸಿಯಾಗಿತ್ತಲ್ಲ?"

ಎಲ್ಲರ ಕಣ್ಣೂ ಅಜ್ಜಿಯ ಕಡೆ ತಿರುಗುತ್ತವೆ. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾರೆ.

"ನೀವೆಲ್ಲ ಮಲಗಿದ್ಮೇಲೆ ನಾನೇ ಹಾಕ್ತೀನಿ. ಕತ್ತಲಲ್ಲಿ ಹೆದರ್ಕೊಳ್ತಾವಲ್ಲ, ಪಾಪ."

ಸೊಸೆ ಬಾಯಿ ತೆರೆಯುವ ಮೊದಲೇ ಲೈಟಮ್ಮ ಅಜ್ಜಿಯ ಕೈ ಹಿಡಿದುಕೊಳ್ಳುತ್ತಾರೆ. "ಅಜ್ಜಿ, ಅವಕ್ಕೆ ರೆಪ್ಪೆ ಇಲ್ಲ. ಕಣ್ಣು ಮುಚ್ಕೊಳ್ಳೋಕಾಗಲ್ಲ. ನಾವು ಲೈಟು ಆರಿಸಿದ್ರೇನೇ ಅವಕ್ಕೆ ನೆಮ್ಮದಿ."

"ಅಯ್ಯೋ, ಇಷ್ಟು ದಿನ ನಾನೇ ನಿದ್ದೆಗೆಡಿಸಿದ್ನಾ!" ಎಂದು ಅಜ್ಜಿ ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ಸೊಸೆಗೆ ನಗು ತಡೆಯಲಾಗುವುದಿಲ್ಲ.

ಲೈಟಮ್ಮ ಚೀಲದಿಂದ ಮೂರು ಲೈಟು ತೆಗೆದು ಒಂದೊಂದನ್ನೇ ಹಿಡಿದು ತೋರಿಸುತ್ತಾರೆ. ನೀಲಿ ಬೆರೆತ ಬಿಳುಪಿನಲ್ಲಿ ಮೀನು ಪೇಲವ. ಕೊಂಚ ಹಳದಿ ಬೆರೆತ ಸೌಮ್ಯ ಬೆಳಕಿನಲ್ಲಿ ಬಾಲ ಕೆಂಡದಂತೆ ಹೊಳೆಯುತ್ತದೆ. "ಇದೇ ಇರಲಿ" ಎನ್ನುತ್ತಾರೆ ಅಜ್ಜಿ. ಜೊತೆಗೊಂದು ಟೈಮರ್. ಅದು ಎಷ್ಟು ಹೊತ್ತಿಗೆ ಆರಬೇಕೆಂದು ಹೇಳುವವರೂ ಅಜ್ಜಿಯೇ.

ತಿಂಗಳು ಮುಗಿಯುವ ಮುನ್ನ ಒಂದು ಸಂಜೆ ಲೈಟಮ್ಮ ಮತ್ತೆ ಬಂದಾಗ ಗಾಜು ತಿಳಿಯಾಗಿದೆ. ತೊಟ್ಟಿಯಲ್ಲಿ ಇನ್ನೆರಡು ಮೀನು ಹೆಚ್ಚಿವೆ, ತಂದದ್ದು ಸೊಸೆ. ಟೈಮರ್ ಟಕ್ಕೆಂದು ಲೈಟು ಆರಿಸುತ್ತಲೇ ಅಜ್ಜಿ ಮನೆಮಂದಿಗೆಲ್ಲ ಗದರುತ್ತಾರೆ: "ಮಕ್ಕಳು ಮಲಗಿದ್ವು, ಮೆತ್ತಗೆ ಮಾತಾಡಿ!"

"ಲೈಟು ಉರಿಯೋವಾಗ ಮೀನು ಅಷ್ಟು ಚೆಂದ ಕಾಣ್ತಾವೆ, ಆದ್ರೆ ನೀವು ಹಾಕಿದ ಲೈಟು ಎಲ್ಲಿದೆ ಅಂತಾನೇ ಗೊತ್ತಾಗಲ್ಲ" ಎಂದು ಸೊಸೆ ಪಿಸುಗುಡುತ್ತಾರೆ.

ಲೈಟಮ್ಮ ಚೀಲ ಹೆಗಲಿಗೇರಿಸುತ್ತಾರೆ. "ಗೊತ್ತಾಗಬಾರದಮ್ಮಾ. ಹಂಗಿದ್ರೇನೇ ನನ್ನ ಕೆಲಸ ಸರಿಯಾಗಿದೆ ಅಂತ."