ಕಲ್ಲಿಗೆ ಹೋಗದ ಹೆಸರು

ಮಗುವಿನ ಕುತ್ತಿಗೆ ನಿಂತಿತ್ತು, ಬೊಚ್ಚು ಬಾಯಿಯ ನಗು ಬಂದಿತ್ತು, ಮಗುಚಿಕೊಳ್ಳುವುದೂ ಬಂದಿತ್ತು. ಹೆಸರೊಂದು ಮಾತ್ರ ಬಂದಿರಲಿಲ್ಲ. ಕೆಳಗಿನ ಮನೆಯವರಿಗೆ ಅದು ಪುಟ್ಟಿ, ಅತ್ತೆಗೆ ಗುಂಡಮ್ಮ. ಟೇಲರ್ ಅಂಗಡಿಯಿಂದ ಬಟ್ಟೆಯ ಗಂಟು ಹೊತ್ತು ತರುವ ಹೆಂಗಸು ಬಂದಾಗಲೆಲ್ಲ ಕೆನ್ನೆ ಹಿಂಡಿ, "ಏನಮ್ಮಾ ಹೆಸರಿಲ್ಲದ ಮಹಾರಾಣಿ, ಊಟ ಆಯ್ತಾ?" ಎನ್ನುತ್ತಿದ್ದಳು.

ಮಗುವಿನ ತಾಯಿ ಮನೆಯಲ್ಲೇ ಕೂತು ಶರ್ಟುಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಒಂದು ಗುಂಡಿ ಬಾಕಿ ಇದ್ದರೂ ಆ ಶರ್ಟನ್ನು ಮಡಚದವರ ಪೈಕಿ. ಅಂಥವಳಿಗೆ, ತೊಟ್ಟಿಲಲ್ಲಿರುವ ಜೀವ ಹೀಗೆ ಅರ್ಧ ಹೊಲಿದು ಬಿಟ್ಟ ಹಾಗೆ ಮಲಗಿರುವುದು ಕಣ್ಣಿಗೆ ಚುಚ್ಚುತ್ತಿತ್ತು.

ಹಾಗಂತ ಹೆಸರಿಗೇನು ಬರಗಾಲವೇ? ಅವಳು ಒಂದು ನದಿಯ ಹೆಸರು ಹೇಳಿದಳು. "ಬೇಡ" ಅಂದ ಗಂಡ. ಹೂವಿನ ಹೆಸರು ಹೇಳಿದಳು. "ಅದೂ ಬೇಡ." ನಕ್ಷತ್ರದ ಹೆಸರು ಹೇಳಿದ್ದಕ್ಕೆ ಉತ್ತರವನ್ನೇ ಕೊಡದೆ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

"ಯಾಕೆ ಬೇಡ ಅಂತಾದ್ರೂ ಹೇಳ್ತಾರಾ ನಿಮ್ಮ ಮಗ?" ಎಂದು ಅತ್ತೆಯ ಮುಂದೆ ದೂರಿದಳು.

"ಕಲ್ಲಿನ ಜೊತೆ ಕೆಲಸ ಮಾಡೋನು ಕಲ್ಲಿನ ಹಾಗೇ ಇರ್ತಾನೆ. ನಾನು ಹೆತ್ತಾಗ ಬಾಯಿ ಇತ್ತಮ್ಮಾ, ಆಮೇಲೆಲ್ಲಿ ಕಳೆದುಕೊಂಡನೋ" ಅಂದರು ಅತ್ತೆ, ಮಗುವಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಾ.

ಗಂಡ ಗೋರಿ ಕಲ್ಲಿನ ಮೇಲೆ ಹೆಸರು ಕೆತ್ತುವವನು. ಅವರಿಬ್ಬರ ಪರಿಚಯವಾದದ್ದೂ ಅವನ ಕೆಲಸದ ಜಾಗದಲ್ಲೇ. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡಾಗ ಕಲ್ಲು ಮಾಡಿಸಲು ಹೋಗಿದ್ದಳು. ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಕೂತಿದ್ದ ಹುಡುಗ ಅವಳ ಅಳು ನಿಲ್ಲುವ ತನಕ ಏನೂ ಕೇಳದೆ, ನಿಂತ ಮೇಲೆ ಒಂದು ಲೋಟ ನೀರು ಕೊಟ್ಟಿದ್ದ. ಮಾತು ಕಡಿಮೆ ಅಂತಲೇ ಅವಳಿಗೆ ಅವನು ಹಿಡಿಸಿದ್ದು. ಈಗ ಅದೇ ಮಾತಿಲ್ಲದ ಬಾಯಿ ಕಂಡರೆ ಮೈ ಉರಿಯುತ್ತಿತ್ತು. ಒಮ್ಮೊಮ್ಮೆ ಬೇರೆ ಅನುಮಾನವೂ ಬರುತ್ತಿತ್ತು. ನದಿಯ ಹೆಸರಿನವಳೊಬ್ಬಳು, ಹೂವಿನ ಹೆಸರಿನವಳೊಬ್ಬಳು ಇವನಿಗೆ ಹಿಂದೆ ಗೊತ್ತಿದ್ದರೋ ಏನೋ! ಇಷ್ಟು ಹೆಸರಿಗೆ ಇಷ್ಟು ಜನವಾದರೆ ಭಾರಿ ಗಂಡಸೇ ಸರಿ ಎಂದು ತನಗೆ ತಾನೇ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ತಟ್ಟೆ ಮುಂದಿಟ್ಟು, ದಾರಿಗೆ ಅಡ್ಡ ಕೂತಳು.

"ನೋಡಿ, ಕೊನೇ ಸಲ ಕೇಳ್ತಿದ್ದೀನಿ. ನಮ್ಮಜ್ಜಿ ಹೆಸರಿಡೋಣ. ಇದಕ್ಕೂ ತಲೆ ಅಲ್ಲಾಡಿಸಿದ್ರೆ ನಾನು ಸುಮ್ನಿರೋಳಲ್ಲ."

ಬಾಯಿಗೆ ಹೊರಟಿದ್ದ ತುತ್ತು ತಟ್ಟೆಗೆ ವಾಪಸು ಬಂತು.

"ಆ ಹೆಸರನ್ನ ಕಲ್ಲಿನ ಮೇಲೆ ನಾನೇ ಹೊಡೆದದ್ದಲ್ವಾ" ಅಂದ.

"ಹೊಡೆದ್ರೆ? ಹೊಡೆದದ್ದಕ್ಕೇ ತಾನೇ ನೀವು ಸಿಕ್ಕಿದ್ದು?"

"ನೀ ಹೇಳಿದ್ದೆಲ್ಲಾ ನಾನು ಹೊಡೆದಿರೋ ಹೆಸರೇ ಕಣೇ. ನದಿ ಹೆಸರು ಹೇಳಿದೆ, ಅದು ನೀರಿಗೆ ಬಿದ್ದ ಹುಡುಗಿ. ಹೂವಿನ ಹೆಸರು ಹೆರಿಗೆಯಲ್ಲಿ ಹೋದವಳದ್ದು. ಮೂರನೇದು ಇನ್ನೂ ಸಣ್ಣದು, ಅದರ ಕಲ್ಲೂ..." ಅವನು ಎರಡು ಕೈಯನ್ನೂ ಎತ್ತಿ, ಒಂದು ಮಣೆಯಷ್ಟು ಅಳತೆ ತೋರಿಸಿದ. "ಇಷ್ಟೇ."

ಅವನೇ ಮುಂದುವರಿಸಿದ. ವರ್ಷದಲ್ಲಿ ಆಡುವ ಮಾತನ್ನೆಲ್ಲ ಅವತ್ತೇ ಆಡಿ ಮುಗಿಸುವವನ ಹಾಗೆ. ಅವನ ಮೇಸ್ತ್ರಿ ಕಲಿಸಿದ ಪದ್ಧತಿಯೊಂದಿತ್ತು. ಮೊದಲು ಸೀಮೆಸುಣ್ಣದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡೇ ಉಳಿ ಇಡಬೇಕು. ಎಲ್ಲ ಮುಗಿದ ಮೇಲೆ ಪೂರ್ತಿ ಹೆಸರನ್ನು ಯಾರನ್ನೋ ಕರೆದ ಹಾಗೆ ಗಟ್ಟಿಯಾಗಿ ಒಮ್ಮೆ ಓದಬೇಕು. ಕಣ್ಣು ಮೋಸ ಮಾಡುತ್ತೆ, ಬಾಯಿ ಮಾಡಲ್ಲ, ಕಲ್ಲಿನ ಮೇಲೆ ತಪ್ಪಿದರೆ ಉಜ್ಜಿ ಅಳಿಸೋಕೆ ರಬ್ಬರಿಲ್ಲ, ಅನ್ನುವುದು ಮೇಸ್ತ್ರಿಯ ಮಾತು.

"ಇಷ್ಟು ವರ್ಷ ಅದನ್ನೇ ಮಾಡಿದ್ದೀನಿ. ನಾನು ಬಾಯಿಬಿಟ್ಟು ಕರೆದವರು ಒಬ್ಬರೂ ಓ ಅಂದಿಲ್ಲ. ಇದನ್ನ ಹ್ಯಾಗೆ ಕರೀಲಿ ಹೇಳು?"

ಅಂದವನೇ ಕೈ ತೊಳೆದು ಎದ್ದ. ಅವಳು "ಹುಚ್ಚು ನಿಮಗೆ. ಹಾಗೆ ನೋಡಿದ್ರೆ ನಮ್ಮಿಬ್ಬರ ಹೆಸರೂ ಯಾವುದೋ ಕಲ್ಲಿನ ಮೇಲೆ ಇರಬೇಕು, ನಾವೇನು ಸತ್ವಾ?" ಎಂದು ಬೈದಳು. ಬೈದು ತಟ್ಟೆ ತೊಳೆದಳು, ನೆಲ ಒರೆಸಿದಳು, ಕಾಜಾಕ್ಕೆ ಕೂತಳು. ಸೂಜಿಗೆ ದಾರ ಹೋಗಲಿಲ್ಲ.

ಹೆದರಿಕೆಗೆ ಕಾಲಿಲ್ಲ ಅಂತಾರೆ, ಆದರೆ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಅದು ಎಷ್ಟು ಸಲೀಸಾಗಿ ದಾಟುತ್ತದೆ! ಅವತ್ತಿನಿಂದ ಅವಳಿಗೂ ಶುರುವಾಯಿತು. ಶಾಲೆ ಬಿಡುವ ಹೊತ್ತಿಗೆ ಬೀದಿಯಲ್ಲಿ ತಾಯಂದಿರು ಮಕ್ಕಳನ್ನು ಕೂಗಿ ಕರೆಯುತ್ತಿದ್ದರು. ಕಿಟಕಿಯ ಬಳಿ ಕೂತವಳ ಕಿವಿಗೆ ಬಿದ್ದ ಒಂದೊಂದು ಹೆಸರಿನ ಹಿಂದೆಯೂ ಮಣೆಯಷ್ಟು ಅಗಲದ ಕಲ್ಲೊಂದು ಬಂದು ನಿಲ್ಲುತ್ತಿತ್ತು. ಕಿಟಕಿ ಮುಚ್ಚಿ ಕೂತಳು. ಸೆಖೆಗೆ ಮಗು ಅತ್ತಿತು. ತೆರೆದಳು.

ಯಾರೂ ಇಟ್ಟುಕೊಳ್ಳದ ಹೆಸರೇ ಬೇಕೆಂದು ಗಂಡ ಎಲ್ಲಿಂದಲೋ ಎರಡು ಮೂರು ಅಕ್ಷರ ಕೂಡಿಸಿಕೊಂಡು ಬರತೊಡಗಿದ. ಅತ್ತೆ ಕೇಳಿಸಿಕೊಂಡು, "ಇದೇನು ಮಗೂ ಹೆಸರೋ, ಕೆಮ್ಮಿನ ಔಷಧಿಯೋ? ಊಟಕ್ಕೆ ಮುಂಚೆ ಕರೀಬೇಕೋ, ಆದ ಮೇಲೋ?" ಅಂದರು. ಗಂಡ ಹೆಂಡತಿ ಇಬ್ಬರೂ ನಗಲಿಲ್ಲ. ಮುದುಕಿ ಇಬ್ಬರ ಮುಖವನ್ನೂ ನೋಡಿ, ಏನೋ ಇದೆ ಎಂದುಕೊಂಡು ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಹೀಗಿರುವಾಗಲೇ ಮಗುವಿಗೆ ಜ್ವರ ಬಂತು. ಬೆಳಿಗ್ಗೆ ಮೈ ಸ್ವಲ್ಪ ಬೆಚ್ಚಗಿತ್ತು. ಒದ್ದೆ ಬಟ್ಟೆ ಹಾಕಿ ಒರೆಸಿದಳು, ಇದ್ದ ಔಷಧಿ ಕುಡಿಸಿದಳು, ತೊಡೆಯ ಮೇಲೆ ಮಲಗಿಸಿಕೊಂಡೇ ಒಂದು ಶರ್ಟು ಮುಗಿಸಿದಳು. ಮಧ್ಯಾಹ್ನ ಗಂಡ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ, ಅಷ್ಟರಲ್ಲಿ ಮಗು ಸೆಟೆದುಕೊಂಡಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ದವಡೆ ಕಚ್ಚಿಕೊಂಡಿತು. ಕೈಕಾಲು ಅದುರತೊಡಗಿದವು, ತುಟಿ ನೀಲಿಗಟ್ಟಿತು.

"ಏಯ್... ಏಯ್... ಇಲ್ನೋಡು... ಏಯ್..."

ಕರೆಯಬೇಕು, ಕರೆಯಲು ಏನೂ ಇಲ್ಲ! ಪುಟ್ಟಿ ಅಂದಳು. ಆ ಮಾತು ಬೀದಿಯ ಯಾವ ಮಗುವಿಗಾದರೂ ಸಲ್ಲುವಂಥದ್ದು. ದೂರ ಹೊರಟುಹೋಗುತ್ತಿರುವ ಇದೊಂದನ್ನೇ ಹಿಡಿದು ನಿಲ್ಲಿಸಲು ಅದರಿಂದ ಆಗುತ್ತಿಲ್ಲ ಅನ್ನಿಸಿತು. ಗಂಡ ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಿದ್ದ. ಅವಳ ಬಾಯಿಂದ ಅಜ್ಜಿಯ ಹೆಸರು ಬಂತು. ತಾನಾಗಿ ಬಂತು. ಒಂದು ಸಲವಲ್ಲ, ಮಗುವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು, ಬೀದಿಯ ತುದಿಯ ದವಾಖಾನೆ ಮುಟ್ಟುವ ತನಕ ಅದನ್ನೇ ಕೂಗುತ್ತಾ ಓಡಿದಳು. ಅವನು ಹಿಂದೆ ಬರಿಗಾಲಲ್ಲಿ ಓಡಿ ಬಂದ.

ದವಾಖಾನೆಯ ಬಾಗಿಲು ದಾಟುವಷ್ಟರಲ್ಲಿ ಅದುರುವುದು ನಿಂತಿತ್ತು. ಮಗು ಸೋತು ಸುಸ್ತಾಗಿ, ಹಿಟ್ಟಿನ ಮುದ್ದೆಯ ಹಾಗೆ ತೋಳಿನ ಮೇಲೆ ಬಿದ್ದಿತ್ತು. ಡಾಕ್ಟರಮ್ಮ ನೋಡಿ, ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗೆ ಫಿಟ್ಸ್ ಬರುತ್ತೆ, ಹೆಚ್ಚಿನ ಪಾಲು ತೊಂದರೆ ಆಗಲ್ಲ, ಆದರೂ ನಾಳೆ ತನಕ ಇಲ್ಲೇ ಇರಲಿ ಅಂದರು. ನರ್ಸ್, "ಹೆಸರೇನಮ್ಮ ಕೂಸಿಂದು?" ಎಂದು ಕೇಳಿದಳು.

ಅವಳು ಗಂಡನ ಮುಖ ನೋಡಿದಳು. ಅವನು ಗೋಡೆ ನೋಡಿದ.

"ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾ ಬಂದ್ರಲ್ಲ, ಅದೇ ತಾನೇ?" ಎಂದು ನರ್ಸೇ ಬರೆದುಕೊಂಡಳು.

ಹೆಸರಾಯಿತು. ಬಾಣ ಬಿಟ್ಟಾಗಿತ್ತು, ಬತ್ತಳಿಕೆಗೆ ಮರಳುವಂತಿರಲಿಲ್ಲ.

ಮಗು ಚೇತರಿಸಿಕೊಂಡಿತು, ಕೂತಿತು, ತೆವಳಿತು, ಮನೆಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಅಮ್ಮನ ಜೀವ ಹಿಂಡಿತು. ಅಮ್ಮ ಕರೆದರೆ ತಿರುಗುತ್ತಿತ್ತು. ಅಪ್ಪ ಕರೆಯುತ್ತಿರಲಿಲ್ಲ. ಎತ್ತಿಕೊಳ್ಳುತ್ತಿದ್ದ, ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ, ಮಲಗಿದಾಗ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದ. ಬೇಕಾದಾಗ ಚಿಟಿಕೆ ಹೊಡೆಯುತ್ತಿದ್ದ. ಹೆಸರು ಮಾತ್ರ ಅವನ ತುಟಿ ದಾಟಲಿಲ್ಲ. "ಮಗಳು ಏನ್ರೀ ಬೆಕ್ಕಾ, ಚಿಟಿಕೆ ಹೊಡೆಯೋಕೆ?" ಎಂದು ಅವಳು ಒಮ್ಮೆ ಕೇಳಿಯೂ ಬಿಟ್ಟಳು. ಇನ್ನು ನಾಲ್ಕು ದಿನಕ್ಕೆ ಮಗುವಿಗೆ ತಿಳಿಯುತ್ತೆ. ಎಲ್ಲರೂ ಕರೆಯೋ ಹೆಸರನ್ನ ಅಪ್ಪ ಯಾಕೆ ಕರೆಯಲ್ಲ ಅಂತ ಕೇಳಿದರೆ ಏನು ಹೇಳುವುದು? ನಿನ್ನನ್ನ ಕಲ್ಲು ಅಂದ್ಕೊಂಡಿದ್ದಾರೆ ಅಂತಲೇ?

ಆಮೇಲೊಂದು ದಿನ ಅವನು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ. ಮುಖದ ಮೇಲಿನ ಪುಡಿಗೂ ಚರ್ಮಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಬಂದವನೇ ತೆವಳುತ್ತಿದ್ದ ಮಗುವನ್ನು ಎತ್ತಿಕೊಂಡು, ಕೈಕಾಲು ಎಲ್ಲ ಸರಿಯಿದೆಯೇ ಎಂದು ತಡವಿ ನೋಡಿದ.

"ಕಲ್ಲೊಂದು ಬಂದಿದೆ" ಅಂದ. "ಇವಳ ಹೆಸರು."

ಅವಳ ಕೈಯಿಂದ ಗುಂಡಿಯ ಡಬ್ಬಿ ಜಾರಿತು. ಯಾರೋ ಒಬ್ಬಾಕೆ, ಬಸ್ ಓಡಿಸುತ್ತಿದ್ದ ಮುದುಕನ ಹೆಂಡತಿಯಂತೆ. ಮೇಸ್ತ್ರಿಗೆ ಈಗ ಕೈ ನಡುಕ, ಅವರಿಂದಾಗದು. ಅಲ್ಲಿ ಕೆತ್ತುವ ಬೇರೆ ಕೈಯೇ ಇಲ್ಲ.

"ಆಗಲ್ಲ ಅಂದುಬಿಟ್ಟು ಬಂದೆ. ಕೆಲಸ ಬಿಡ್ತೀನಿ. ಮೂಟೆ ಹೊರ್ತೀನಿ."

ಅವಳಿಗೂ "ಬಿಟ್ಟುಬಿಡಿ" ಅನ್ನಬೇಕೆನಿಸಿತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಇವತ್ತು ಇದು ಬಿಟ್ಟರೆ ನಾಳೆ ಈ ಹೆಸರಿನ ಇನ್ನೊಬ್ಬರು ಬೇರೆ ಯಾರದೋ ಕೈಗೆ ಹೋಗುತ್ತಾರೆ. ಅದು ಇವನ ಕಿವಿಗೆ ಬಿದ್ದೇ ಬೀಳುತ್ತದೆ. ಆಗ ಊರನ್ನೇ ಬಿಡಬೇಕೇ? ಹೆಸರು ಬದಲಿಸಬೇಕೇ? ಎಷ್ಟು ಸಲ?

"ನಡೀರಿ" ಅಂದಳು. "ನಾವೂ ಬರ್ತೀವಿ. ನಿಮ್ಮ ಕಣ್ಣೆದುರಿಗೇ ಕೂತಿರ್ತೀವಿ. ಒಂದು ಅಕ್ಷರ ಹೊಡೀರಿ, ತಿರುಗಿ ನೋಡಿ. ಇನ್ನೊಂದು ಹೊಡೀರಿ, ತಿರುಗಿ ನೋಡಿ." ಧ್ವನಿ ಗಟ್ಟಿಯಾಗಿತ್ತು. ಮಗುವಿಗೆ ಟೋಪಿ ಕಟ್ಟುವಾಗ ಮಾತ್ರ ಗಂಟು ಮೂರು ಸಲ ತಪ್ಪಿತು.

ಕೆಲಸದ ಜಾಗ ತಗಡಿನ ಮಾಡಿನದು. ಗೋಡೆಗೆ ಒರಗಿಸಿದ ಖಾಲಿ ಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳ ಕಡೆ ಕಣ್ಣು ಹೋಗದಂತೆ ಅವಳು ಬೆನ್ನು ಹಾಕಿ ಕೂತಳು. ಬಸ್ಸಿನ ಮುದುಕ ಆಗಲೇ ಬಂದು, ಬಾಗಿಲ ಬಳಿ ಸ್ಟೂಲಿನ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ. ಕೆಲವರಿಗೆ ಹಾಗೆ, ಕೆತ್ತುವುದನ್ನು ನೋಡಬೇಕು. ಮೇಸ್ತ್ರಿ ಸೀಮೆಸುಣ್ಣ ಕೊಟ್ಟರು. ಗಂಡ ಬರೆದ. ಮೊದಲ ಅಕ್ಷರ ಬಾಯಲ್ಲಿ ಅಂದ, ಅಂದನೋ ಇಲ್ಲವೋ ಎಂಬಷ್ಟು ಸಣ್ಣಗೆ, ಉಳಿ ಇಟ್ಟ. ಟಣ್ ಎಂದಿತು. ತಿರುಗಿ ನೋಡಿದ. ಮಗು ಅಮ್ಮನ ಸೆರಗು ಜಗಿಯುತ್ತಿತ್ತು.

ಎರಡನೆಯ ಅಕ್ಷರದ ಹೊತ್ತಿಗೆ ಮಗುವಿಗೆ ಸೆರಗು ಬೇಸರವಾಯಿತು. ಅವಳ ಕಣ್ಣು ಗಂಡನ ಬೆನ್ನ ಮೇಲಿತ್ತು. ನೋಡುವಷ್ಟರಲ್ಲಿ ಅದು ಸರಸರ ತೆವಳಿ ಚೂಪು ಚೂರುಗಳ ರಾಶಿಯ ಬಳಿ ಹೋಗಿ ಕೈ ಚಾಚಿತ್ತು. ಅವಳು ಹೆಸರು ಹಿಡಿದು ಕೂಗಿಬಿಟ್ಟಳು.

ಮುದುಕ ತಟ್ಟನೆ ಎದ್ದು ನಿಂತ. ಟೋಪಿ ಕೆಳಗೆ ಬಿತ್ತು. ಯಾರೋ ಒಳಗೆ ಬಂದರೇನೋ ಎಂಬಂತೆ ಬಾಗಿಲ ಕಡೆಗೂ ಅವಳ ಕಡೆಗೂ ನೋಡಿದ.

ಅವಳು ಮಗುವನ್ನು ಎಳೆದುಕೊಂಡಳು. ಸತ್ತವಳ ಹೆಸರನ್ನು ಆ ಮುದುಕನ ಮುಂದೆಯೇ, ಆಕೆಯ ಕಲ್ಲಿನ ಮುಂದೆಯೇ ಕೂಗಿದ್ದಳು! "ತಪ್ಪಾಯ್ತು ತಾತ" ಅಂದಳು. "ಮಗೂ ಹೆಸರು... ಗೊತ್ತಾಗದೆ..."

"ಇನ್ನೊಂದ್ ಸಲ ಕರಿಯಮ್ಮ."

"ಆಂ?"

"ಮನೇಲಿ ಈಗ ಎಲ್ಲಾರೂ 'ಅವರು' ಅಂತಾರೆ. 'ಹೋದೋರು' ಅಂತಾರೆ. ಹೆಸರು ಹಿಡಿದು ಯಾರೂ ಅನ್ನಲ್ಲ. ನಂಗೇನೂ ಆಗಲ್ಲ, ಕರಿ."

ಅವಳು ಬಾಯಿ ತೆರೆದಳು. ಹೆಸರು ಬರಲಿಲ್ಲ. ಮುದುಕ ಕಾಯುತ್ತಾ ನಿಂತ. ಉಳಿಯ ಸದ್ದೂ ನಿಂತಿತ್ತು. ಆಗ ಅವಳ ಗಂಡ, ಇನ್ನೂ ಕಲ್ಲಿನ ಮುಂದೆ ಮೊಣಕಾಲೂರಿದ್ದವನು, ಕರೆದ. ಪೂರ್ತಿ ಹೆಸರು. ಧ್ವನಿ ಒಡೆದಿತ್ತು.

ಮಗು ತಿರುಗಲಿಲ್ಲ. ಆ ಬಾಯಿಂದ ಆ ಹೆಸರನ್ನು ಅದು ಎಂದೂ ಕೇಳಿದ್ದಿಲ್ಲ. ಅದು ಅಮ್ಮನ ಮುಖ ನೋಡಿತು.

ಅವನ ಮುಖದಲ್ಲಿದ್ದ ನೆತ್ತರೆಲ್ಲ ಇಳಿದುಹೋಯಿತು. ಅವಳಿಗೆ ಎದ್ದು ಓಡಿಹೋಗಬೇಕೆನಿಸಿತು.

"ಗಟ್ಟಿಯಾಗಿ ಕರಿಯಪ್ಪಾ" ಅಂದ ಮುದುಕ, ಟೋಪಿ ಎತ್ತಿಕೊಳ್ಳುತ್ತಾ. "ನನ್ನವಳೂ ಅಷ್ಟೇ, ಒಂದೇ ಸಲಕ್ಕೆ ಓಗೊಟ್ಟೋಳಲ್ಲ."

ಗಂಡ ಉಳಿ ಕೆಳಗಿಟ್ಟ. ಪುಡಿ ಹತ್ತಿದ ತುಟಿಯನ್ನು ತೋಳಿನಿಂದ ಒರೆಸಿಕೊಂಡ. ಇನ್ನೊಮ್ಮೆ ಕರೆದ, ತಗಡಿನ ಮಾಡು ಮರುದನಿ ಕೊಡುವ ಹಾಗೆ.

ಮಗು ತಿರುಗಿತು. ಹುಬ್ಬು ಗಂಟಿಕ್ಕಿ ಅವನನ್ನು ನೋಡಿ, "ಊಂ?" ಎಂದಿತು.

ಮುದುಕ ಮತ್ತೆ ಸ್ಟೂಲಿನ ಮೇಲೆ ಕೂತು ಮುಖ ಆಚೆ ತಿರುಗಿಸಿಕೊಂಡ. ಗಂಡ ಉಳಿ ಎತ್ತಿಕೊಂಡ. ಹೆಸರು ಇನ್ನೂ ಅರ್ಧ ಬಾಕಿ ಇತ್ತು. ಅವಳು ಮಗುವನ್ನು ಗಟ್ಟಿಯಾಗಿ ಹಿಡಿದು, ಅವನಿಗೆ ಕಾಣುವ ಹಾಗೆ ಮುಂದಕ್ಕೆ ಸರಿದು ಕೂತಳು.