ನಾನೇ ಮಾರಿದ ಗೋಲ್‌ಕೀಪರ್

ಗೋಳಿಬಜೆ ಬಾಯಿಗೆ ಹಾಕುವಷ್ಟರಲ್ಲಿ ದಿನೇಶಣ್ಣ ಮೊಬೈಲನ್ನು ನನ್ನ ಮೂಗಿಗೆ ತಾಗುವಂತೆ ಹಿಡಿದರು. "ನಮ್ಮ ಗೋಲ್‌ಕೀಪರನ್ನು ಮುನ್ನೂರು ಕೋಟಿಗೆ ಕೊಂಡುಹೋಗ್ತೀರಾ? ಅವನ ಒಂದು ಕೈಗೇ ಅಷ್ಟು ಉಂಟು ಮಾರಾಯ!"

ಕೊಂಡುಹೋಗುವವನು ನಾನೇ ಎಂಬಂತಿತ್ತು ಅವರ ಸಿಟ್ಟು. ಬೈಕಂಪಾಡಿಯ ಒಂದೇ ಫ್ಯಾಕ್ಟರಿಯಲ್ಲಿ ದುಡಿದು ಒಂದೇ ಕ್ಯಾಂಟೀನಿನಲ್ಲಿ ತಿನ್ನುವವರು ನಾವು. ಆದರೆ ಫುಟ್‌ಬಾಲ್ ಅಭಿಮಾನಿಗಳ ಫೇಸ್‌ಬುಕ್ ಗುಂಪಿನಲ್ಲಿ ಅವರದ್ದೊಂದು ವಿದೇಶಿ ಕ್ಲಬ್, ನನ್ನದು ಇನ್ನೊಂದು. ಯಾರನ್ನು ಎಷ್ಟಕ್ಕೆ ಕೊಳ್ಳಬೇಕೆಂದು ಎರಡಕ್ಕೂ ನಮ್ಮಿಂದ ಪುಕ್ಕಟೆ ಸಲಹೆ.

ಸುದ್ದಿ ಓದಿದೆ. ಅವರ ಗೋಲ್‌ಕೀಪರನ್ನು ನನ್ನ ಕ್ಲಬ್ ಕೊಳ್ಳಲಿದೆ ಎಂದು ಸ್ಪೇನಿನ ನಂಬಲರ್ಹ ಮೂಲಗಳು ತಿಳಿಸಿವೆ ಎಂದಿತ್ತು. ಆ ಮೂಲ ನಾನೇ. ಹಿಂದಿನ ಸಂಜೆ ಜೆಪ್ಪುವಿನಲ್ಲಿರುವ ನನ್ನ ಮನೆಯಲ್ಲಿ ಕುಚ್ಚಲಕ್ಕಿ ಬೇಯುವುದನ್ನು ಕಾಯುತ್ತಾ, ದಿನೇಶಣ್ಣನನ್ನು ಕೆಣಕಲೆಂದೇ ಸುಳ್ಳು ಹೆಸರಿನಲ್ಲಿ ಗುಂಪಿಗೆ ಬರೆದು ಹಾಕಿದ್ದೆ. ಬೆಲೆ ಕಟ್ಟಿದವನೂ ನಾನೇ. ಸ್ಪೇನನ್ನು ಮಾತ್ರ ಅದನ್ನು ಹಂಚಿದ ಯಾರೋ ಪುಣ್ಯಾತ್ಮರು ದಾರಿಯಲ್ಲಿ ಸೇರಿಸಿದ್ದರು.

ದಿನೇಶಣ್ಣನ ಬಾಡಿದ ಮುಖ ನೋಡಲಾಗದೆ ನಿಜ ಹೇಳಿಬಿಟ್ಟೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ನಿನಗೆ ಎಂತ ಗೊತ್ತುಂಟು? ಇದು ಸ್ಪೇನಿನವರೇ ಹೇಳಿದ್ದು."

ಅಷ್ಟು ಖಂಡಿತವಾಗಿ ಹೇಳುವವರ ಮುಂದೆ ನನ್ನ ಮಾತಿಗೆ ಎಲ್ಲಿಯ ಬೆಲೆ? ಬಸ್ಸಿನಲ್ಲಿ ಮನೆಗೆ ಮರಳುವಾಗ, ಸ್ಪೇನಿನವರಿಗೆ ನನಗಿಂತ ಹೆಚ್ಚು ಗೊತ್ತಿದ್ದರೂ ಇರಬಹುದು ಅನ್ನಿಸತೊಡಗಿತು. ಗುಂಪು ತೆರೆದು ಈ ಸಲ ಸ್ವಂತ ಹೆಸರಿನಲ್ಲೇ ಬರೆದೆ: ಕೀಪರ್ ಬರುವುದು ಸಂತೋಷ, ಆದರೆ ಮುನ್ನೂರು ಕೋಟಿ ನಮಗೆ ಸ್ವಲ್ಪ ಜಾಸ್ತಿಯಾಯಿತು.